ಎಂ.ಟೆಕ್ ಮಾಡಲೋ, ಆರು ತಿಂಗಳ ಕ್ಯಾಡ್ ಕೋರ್ಸ್ ಸಾಕೋ?

ಪ್ರಶ್ನೆ: ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೇನೆ. ಡಿಸೈನ್ ಕೆಲಸ ಇಷ್ಟ. ಮನೆಯಲ್ಲಿ ಎಂ.ಟೆಕ್ ಮಾಡು ಅಂತಾರೆ. ಗೆಳೆಯರು, ಸುಮ್ನೆ ಎರಡು ವರ್ಷ ಯಾಕೆ, ಬೆಂಗಳೂರಲ್ಲಿ ಆರು ತಿಂಗಳು ಕ್ಯಾಟಿಯಾ, ಆನ್ಸಿಸ್‌ನಂಥ ಡಿಸೈನ್ ಸಾಫ್ಟ್‌ವೇರ್ ಕಲಿ ಸಾಕು ಅಂತಾರೆ. ಎಂ.ಟೆಕ್‌ನಲ್ಲೂ ಮಷಿನ್ ಡಿಸೈನ್, ಕ್ಯಾಡ್/ಕ್ಯಾಮ್, ಪ್ರಾಡಕ್ಟ್ ಡಿಸೈನ್ ಅಂತ ಹಲವು ಹೆಸರು. ಯಾವುದಕ್ಕೆ ಸೇರಲಿ?
– ಓದುಗ, ಹಾಸನ

ಉತ್ತರ: ಸಾಫ್ಟ್‌ವೇರ್ ಹೆಸರುಗಳನ್ನು ಮೊದಲು ಪಕ್ಕಕ್ಕಿಡಿ. ಕ್ಯಾಟಿಯಾ, ಎನ್‌ಎಕ್ಸ್, ಕ್ರಿಯೋ, ಸಾಲಿಡ್‌ವರ್ಕ್ಸ್, ಇವುಗಳಲ್ಲಿ ಒಂದು ಚೆನ್ನಾಗಿ ಬಂದರೆ ಇನ್ನೊಂದು ಬೇಗ ಕೈಗೆ ಹತ್ತುತ್ತದೆ. ಅದಕ್ಕಾಗಿ ಜಾಸ್ತಿ ದುಡ್ಡು ಸುರಿಯಬೇಕಿಲ್ಲ. ಫ್ರೀಕ್ಯಾಡ್ ಎಲ್ಲರಿಗೂ ಉಚಿತ. ಆನ್ಸಿಸ್‌ನ ವಿದ್ಯಾರ್ಥಿ ಆವೃತ್ತಿಯೂ ಉಚಿತ, ಮಾಡೆಲ್ ಗಾತ್ರಕ್ಕೆ ಮಿತಿ ಇದೆ ನಿಜ, ಆದರೆ ಕಲಿಯುವುದಕ್ಕೆ ಧಾರಾಳ ಸಾಕು.

ಸುಲಭವಾಗಿ ಬಾರದ್ದು ಬೇರೆ ಇದೆ. ಎಲ್ ಆಕಾರದ ಒಂದು ಬ್ರಾಕೆಟ್ ಮಾಡೆಲ್ ಮಾಡಿ, ಒಳಮೂಲೆಗೆ ಫಿಲೆಟ್ (ದುಂಡನೆಯ ತಿರುವು) ಕೊಡದೆ ಚೂಪಾಗಿಯೇ ಬಿಟ್ಟು, ಲೋಡ್ ಹಾಕಿ ನೋಡಿ. ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ಸಣ್ಣ ತುಂಡು ಮಾಡುವ ಬಲೆಯನ್ನು, ಅಂದರೆ ಮೆಶ್ ಅನ್ನು, ಸಣ್ಣದು ಮಾಡಿದಷ್ಟೂ ಆ ಮೂಲೆಯ ಸ್ಟ್ರೆಸ್ (ಒಳಗಿನ ಒತ್ತಡ) ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಲೀನಿಯರ್ ಎಲಾಸ್ಟಿಕ್ ಲೆಕ್ಕದಲ್ಲಿ ಚೂಪು ಒಳಮೂಲೆಯ ಸ್ಟ್ರೆಸ್‌ಗೆ ಕೊನೆಯೇ ಇಲ್ಲ, ಅದಕ್ಕೆ. ಸಾಫ್ಟ್‌ವೇರ್ ಇದನ್ನು ತಪ್ಪು ಅಂತ ಹೇಳುವುದಿಲ್ಲ. ಕೆಂಪು ಬಣ್ಣದ ಜೊತೆಗೆ ಒಂದು ಸಂಖ್ಯೆಯನ್ನೂ ಕೊಡುತ್ತದೆ, ನೋಡಿದವರು ಅದನ್ನೇ ರಿಪೋರ್ಟಿಗೆ ಹಾಕಿಬಿಡುತ್ತಾರೆ. ಆ ಸಂಖ್ಯೆಯನ್ನು ನಂಬಬಾರದು ಅಂತ ಗೊತ್ತಾಗಬೇಕಾದರೆ ಹೀಗೆ ತುಂಡು ಮಾಡಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದ ಗಣಿತವೂ ಬೇಕು, ಸಾಲಿಡ್ ಮೆಕ್ಯಾನಿಕ್ಸೂ ಬೇಕು. ಎಂ.ಟೆಕ್ ಮಾಡುವುದಾದರೆ ಇದಕ್ಕಾಗಿ ಮಾಡಿ.

ಭಾಗ ಲೋಡ್ ತಡೆಯುತ್ತದೋ ಮುರಿಯುತ್ತದೋ ಎನ್ನುವ ಲೆಕ್ಕ ನಿಮಗೆ ಖುಷಿ ಕೊಡುತ್ತದೆ ಅಂದರೆ ಮಷಿನ್ ಡಿಸೈನ್. ಡ್ರಾಯಿಂಗ್ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಮೇಲೆ ಭಾಗವಾಗಿ ಇಳಿಯುವುದನ್ನು ನೋಡುವ ಆಸೆ ಇದ್ದರೆ ಕ್ಯಾಡ್/ಕ್ಯಾಮ್ ಅಥವಾ ಟೂಲ್ ಎಂಜಿನಿಯರಿಂಗ್. ಬಳಸುವವರ ಕೈಯಲ್ಲಿ ವಸ್ತು ಹೇಗಿರಬೇಕು ಅನ್ನುವುದರಲ್ಲೇ ಮನಸ್ಸಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡೆಸ್ (ಡಿಸೈನ್ ಸ್ನಾತಕೋತ್ತರ ಪದವಿ) ನೋಡಿ, ಅದಕ್ಕೆ ಗೇಟ್ (ಎಂಜಿನಿಯರಿಂಗ್‌ನ ರಾಷ್ಟ್ರೀಯ ಪರೀಕ್ಷೆ) ಅಥವಾ ಸೀಡ್ (ಡಿಸೈನ್ ಪ್ರವೇಶ ಪರೀಕ್ಷೆ) ಅಂಕ ಬೇಕು, ಸ್ಪರ್ಧೆ ಜೋರಾಗಿದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಗೇಟ್ ಬರೆಯಿರಿ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದೂ ಸೀಟು ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗೇಟ್‌ನಲ್ಲಿ ಅರ್ಹತೆ ಪಡೆದು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಮಾನ್ಯತೆಯ ಕಾಲೇಜಿಗೆ ಪೂರ್ಣಾವಧಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಮನೆಯವರ ಮೇಲಿನ ಭಾರ ಎಷ್ಟು ಕಡಿಮೆಯಾಯಿತು, ಅಲ್ವಾ? ಅಂಕ ಮೂರು ವರ್ಷ ನಡೆಯುತ್ತದೆ. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ತಿಂಗಳುಗಟ್ಟಲೆ ಮೊದಲೇ ಹಾಕಬೇಕು.

ಕಾಲೇಜಿನ ಬಗ್ಗೆ ಅಲ್ಲೇ ಓದುತ್ತಿರುವವರನ್ನು ಕೇಳಿ. ಲ್ಯಾಬ್‌ನಲ್ಲಿ ಸಾಫ್ಟ್‌ವೇರ್ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಎರಡನೇ ವರ್ಷದ ಪ್ರಾಜೆಕ್ಟ್‌ಗೆ ಕಂಪನಿಗಳಿಗೆ ಕಳಿಸುತ್ತಾರಾ, ಫೈನೈಟ್ ಎಲಿಮೆಂಟ್ ಪಾಠ ಮಾಡುವವರು ಬೋರ್ಡ್ ಮೇಲೆ ಲೆಕ್ಕ ಬಿಡಿಸುತ್ತಾರಾ ಅಥವಾ ಸ್ಲೈಡ್ ಓದುತ್ತಾರಾ. ಕೊನೆಯದೇ ಮುಖ್ಯ.

ಮನೆಗೆ ಈಗಲೇ ಸಂಬಳ ಬೇಕು ಅನ್ನುವ ಸ್ಥಿತಿ ಇದ್ದರೆ ಸಣ್ಣ ಕೋರ್ಸ್ ಮಾಡಿ ಮಾಡೆಲಿಂಗ್ ಕೆಲಸಕ್ಕೆ ಸೇರಿ, ಸಂಕೋಚ ಬೇಡ. ಆಗ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವನ್ನು (ಜಿಟಿಟಿಸಿ) ಮೊದಲು ವಿಚಾರಿಸಿ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿ ಮೂರು ವರ್ಷವಾಯಿತು. ಕೆಲಸ ಬಿಡದೆ ಎಂ.ಟೆಕ್ ಸಾಧ್ಯವಾ?
– ಓದುಗರು, ಬೆಂಗಳೂರು

ಉತ್ತರ: ಸಾಧ್ಯ. ಬಿಟ್ಸ್ ಪಿಲಾನಿ ಕೆಲಸದಲ್ಲಿರುವವರಿಗಾಗಿಯೇ ಡಿಸೈನ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ನಡೆಸುತ್ತದೆ. ಶುಲ್ಕ ಕಡಿಮೆಯೇನಲ್ಲ, ಹಾಗಾಗಿ ಕಂಪನಿ ಸ್ವಲ್ಪ ಭಾಗ ಕೊಡುತ್ತದಾ ಅಂತ ಮೊದಲು ಮ್ಯಾನೇಜರ್ ಹತ್ತಿರ ಮಾತಾಡಿ. ಪ್ರಾಜೆಕ್ಟ್‌ಗೆ ನಿಮ್ಮ ಕಾರ್ಖಾನೆಯಲ್ಲೇ ಪದೇ ಪದೇ ಮುರಿಯುವ ಅಥವಾ ರಿಜೆಕ್ಟ್ ಆಗುವ ಒಂದು ಭಾಗವನ್ನು ಈಗಲೇ ಗುರುತಿಸಿಡಿ, ಅದರ ಹಳೆಯ ಡ್ರಾಯಿಂಗ್, ಇನ್‌ಸ್ಪೆಕ್ಷನ್ ರಿಪೋರ್ಟ್ ನೋಡುತ್ತಾ ಬನ್ನಿ.