ಆಪ್ತಸಲಹೆ ಪ್ರಕರಣ: ಸಂಕ್ರಾಂತಿಗೇ ಮುರಿದ ಸಂಕಲ್ಪ

(ಗುರುತು ಸಿಗದಂತೆ ಹೆಸರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಸುಮಾ, 41 ವರ್ಷ, ಸಹಕಾರಿ ಬ್ಯಾಂಕೊಂದರ ಉದ್ಯೋಗಿ. ಮನೆಯಲ್ಲಿ ಗಂಡ, ಅತ್ತೆ, ಒಂಬತ್ತನೇ ತರಗತಿ ಓದುವ ಮಗಳು. ಜನವರಿ ಕೊನೆಯ ವಾರ ಬಂದವರು ಕೂರುತ್ತಲೇ ಹೇಳಿದ್ದು: "ಪ್ರತಿ ವರ್ಷ ಇದೇ ಕಥೆ ಮೇಡಂ. ಹದಿನೈದು ದಿನಕ್ಕೆ ಎಲ್ಲ ಕೈಬಿಟ್ಟಿರ್ತೀನಿ. ನಾನು ಯಾವುದಕ್ಕೂ ಲಾಯಕ್ಕಿಲ್ಲ."

ಡೈರಿಯನ್ನೂ ತಂದಿದ್ದರು. ಮೊದಲ ಪುಟದಲ್ಲಿ ಐದು ಸಂಕಲ್ಪ: ಬೆಳಿಗ್ಗೆ 5ಕ್ಕೆ ಏಳುವುದು, ದಿನಕ್ಕೆ 10,000 ಹೆಜ್ಜೆ ನಡೆಯುವುದು, ಸಕ್ಕರೆ ಪೂರ್ತಿ ಬಿಡುವುದು, ಮಗಳ ಮೇಲೆ ರೇಗದಿರುವುದು, ತಿಂಗಳಿಗೆ ಎರಡು ಪುಸ್ತಕ. ಮುಂದಿನ ಪುಟಗಳಲ್ಲಿ ಸ್ಕೇಲಿಟ್ಟು ಗೀಚಿದ ಕೋಷ್ಟಕ, ಹಸಿರು ಪೆನ್ನಿನ ರೈಟ್ ಗುರುತು. ಸಂಕ್ರಾಂತಿಯ ಮರುದಿನದಿಂದ ಪುಟಗಳೆಲ್ಲ ಖಾಲಿ.

"ಲಾಯಕ್ಕಿಲ್ಲ" ಎಂಬ ಮಾತು ಬಂದಾಗ ಗುರಿಯ ವಿಷಯಕ್ಕೆ ಕೈಹಾಕುವ ಮೊದಲು ಖಿನ್ನತೆಯ ಲಕ್ಷಣಗಳಿವೆಯೇ ಎಂದು ನೋಡಲೇಬೇಕು. ಎರಡು ವಾರಕ್ಕೂ ಮೀರಿದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವಿನಲ್ಲಿ ಏರುಪೇರು, ಬದುಕು ಬೇಡವೆನಿಸುವುದು, ಇವನ್ನು ಒಂದೊಂದಾಗಿ ಕೇಳಿದೆವು. ಇವರಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಂಡಿದ್ದರೆ ಮಾತು ಪಟ್ಟಿಯ ಕಡೆ ಹೋಗುತ್ತಿರಲಿಲ್ಲ, ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. (ಓದುಗರಲ್ಲಿ ಯಾರಿಗಾದರೂ ಅನ್ವಯಿಸಿದರೆ, ಟೆಲಿ ಮಾನಸ್ ಉಚಿತ ಸಹಾಯವಾಣಿ: 14416.)

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಸಂಕ್ರಾಂತಿಯ ದಿನ ಏನಾಯಿತು?

ಪಕ್ಕದ ಮನೆಯವರು ಎಳ್ಳು ಬೀರಲು ಬಂದಿದ್ದರು. ಬೇಡವೆನ್ನಲಾಗದೆ ಎಳ್ಳುಬೆಲ್ಲದ ಜೊತೆ ಒಂದು ಸಕ್ಕರೆ ಅಚ್ಚು ಬಾಯಿಗೆ ಹಾಕಿಕೊಂಡರು. "ಹೇಗೂ ಕೆಟ್ಟಿತಲ್ಲ ಅಂತ ಸಂಜೆಯೊಳಗೆ ತಟ್ಟೆಯಲ್ಲಿದ್ದ ಅಚ್ಚೆಲ್ಲ ಮುಗಿಸಿದೆ. ಮಾರನೇ ದಿನ ಅಲಾರಂ ಬಡಿದರೂ ಏಳಲಿಲ್ಲ."

ಕುಡಿತ ಬಿಟ್ಟವರು ಮತ್ತೆ ಜಾರುವುದು ಹೇಗೆ ಎಂದು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಗುರುತಿಸಿದ್ದು ಇದನ್ನೇ. ಒಂದು ತಪ್ಪಿಗಿಂತ ಹೆಚ್ಚು ಹಾನಿ ಮಾಡುವುದು "ನನ್ನ ಕೈಲಾಗದು" ಎಂದು ಆ ತಪ್ಪಿಗೆ ನಾವು ಕೊಟ್ಟುಕೊಳ್ಳುವ ವಿವರಣೆ. ಸುಮಾ ಅವರ ಪಟ್ಟಿಯಲ್ಲಿ ಹಬ್ಬಕ್ಕೆ ಜಾಗವೇ ಇರಲಿಲ್ಲ.

ಸಮಯದ ಲೆಕ್ಕಕ್ಕೂ ಅಲ್ಲಿ ಜಾಗವಿರಲಿಲ್ಲ. ಸಾಧಾರಣ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದುಕೊಂಡರೆ 10,000 ಹೆಜ್ಜೆಗೆ 100 ನಿಮಿಷ ಬೇಕು. ಆ ಸಮಯಕ್ಕಾಗಿಯೇ 5ರ ಅಲಾರಂ. ಆದರೆ ಪಾತ್ರೆ ತೊಳೆದು, ಮರುದಿನದ ತರಕಾರಿ ಹೆಚ್ಚಿಟ್ಟು ಮಲಗುವಾಗ ರಾತ್ರಿ 11.30. ಐದೂವರೆ ಗಂಟೆ ನಿದ್ದೆ ಮಾಡಿದವರಿಗೆ ಸಿಹಿಯ ಚಪಲವೂ ಹೆಚ್ಚು, ಸಂಜೆಯ ಸಿಟ್ಟೂ ಹೆಚ್ಚು. ಮೊದಲ ಸಂಕಲ್ಪವೇ ಮೂರನೆಯದನ್ನೂ ನಾಲ್ಕನೆಯದನ್ನೂ ಕೆಡಿಸುತ್ತಿತ್ತು. ಹಾಗಾಗಿ 5ಕ್ಕೆ ಏಳುವುದನ್ನು ಹೊಡೆದುಹಾಕಿ ಎಂದೆವು. ಪುಸ್ತಕವನ್ನು ತಾವಾಗಿಯೇ ಹೊಡೆದುಹಾಕಿದರು. ಅದು ತಂಗಿಯನ್ನು ನೋಡಿ ಬರೆದದ್ದಂತೆ.

ಉಳಿದ ಮೂರನ್ನು ಕುಗ್ಗಿಸಿ, ಪ್ರತಿಯೊಂದನ್ನೂ ಈಗಾಗಲೇ ದಿನವೂ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿದೆವು. ಸಂಜೆ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದರೆ ಮನೆಗೆ 12 ನಿಮಿಷದ ನಡಿಗೆ, ಅಷ್ಟೇ ಸಾಕು. ಮನೆಗೆ ಬಂದು ಕಾಲು ತೊಳೆದ ಮೇಲೆ 15 ನಿಮಿಷ ಮಗಳ ಹತ್ತಿರ ಓದು, ಅಂಕ, ಟೆಸ್ಟ್ ಎನ್ನುವಂತಿಲ್ಲ. "ರೇಗಬಾರದು" ಎಂಬುದನ್ನು ಯಾವ ಹೊತ್ತಿನಲ್ಲಿ ಪಾಲಿಸಬೇಕೆಂದೇ ತಿಳಿಯುವುದಿಲ್ಲ, ಇದಕ್ಕಾದರೆ ಶುರುವೂ ಕೊನೆಯೂ ಇದೆ. ಸಕ್ಕರೆ ಮೂರು ಹೊತ್ತಿನ ಕಾಫಿಗೆ ಎರಡೆರಡು ಚಮಚದಂತೆ ದಿನಕ್ಕೆ ಆರು ಚಮಚ ಹೋಗುತ್ತಿತ್ತು. ಲೋಟಕ್ಕೆ ಅರ್ಧ ಚಮಚ ಇಳಿಸಿ, ನಾಲಿಗೆ ಒಗ್ಗಿಕೊಳ್ಳಲು ಎರಡು ವಾರ ಬಿಟ್ಟು, ಮತ್ತೆ ಅರ್ಧ. ಹಬ್ಬ, ಮದುವೆ, ಪ್ರಸಾದ ಲೆಕ್ಕಕ್ಕಿಲ್ಲ.

ಇಷ್ಟಕ್ಕಿಂತ ಮುಖ್ಯವಾದದ್ದು ತಪ್ಪಿದ ದಿನದ ನಿಯಮ. ಅದನ್ನು ತಪ್ಪುವ ಮೊದಲೇ ಬರೆದಿಡಬೇಕು. ಇವರ ಡೈರಿಯಲ್ಲಿ ಬರೆಸಿದ್ದು: ತಪ್ಪಿದ್ದನ್ನು ಮರುದಿನ ಸೇರಿಸಿ ತೀರಿಸುವಂತಿಲ್ಲ, ಮರುದಿನ ಮಾಮೂಲಿನಷ್ಟೇ, ಆಗದಿದ್ದರೆ ತಾರಸಿಯ ಮೇಲೆ ಮೂರು ನಿಮಿಷದ ನಡಿಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಗಣನೀಯ ಅಡ್ಡಿಯೇನೂ ಆಗಲಿಲ್ಲ. ಅಭ್ಯಾಸ ನೆಲೆಯೂರಲು ಬೇಕಾದ ಅಂದಾಜು ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು, ಮಧ್ಯಾಂಕ 66. ಜನಜನಿತವಾದ 21 ದಿನದ ಸೂತ್ರ ನಂಬಿದವರು 22ನೇ ದಿನವೂ ಕಷ್ಟವೆನಿಸಿದಾಗ ಸುಮ್ಮನೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಹಸಿರು ಪೆನ್ನಿನ ಕೋಷ್ಟಕ ನಿಲ್ಲಿಸಿದೆವು. ಖಾಲಿ ಚೌಕ ಕಂಡರೆ ಇವರು ಡೈರಿ ತೆರೆಯುವುದನ್ನೇ ಬಿಡುತ್ತಿದ್ದರು. ಬದಲಿಗೆ ಭಾನುವಾರ ಎರಡು ಸಾಲು: ಯಾವುದು ಸಲೀಸಾಯಿತು, ಯಾವುದಕ್ಕೆ ಏನು ಅಡ್ಡ ಬಂತು.

ಮಾರ್ಚ್‌ನಲ್ಲಿ ಬ್ಯಾಂಕಿನ ವರ್ಷಾಂತ್ಯದ ಲೆಕ್ಕ. ಮನೆ ಸೇರುವಾಗ ರಾತ್ರಿ ಒಂಬತ್ತು, ನಡಿಗೆ ನಿಂತಿತು. ಈ ಸಲ "ನಾನು ಸರಿಯಿಲ್ಲ" ಎನ್ನಲಿಲ್ಲ, "ಮಾರ್ಚ್ ಸರಿಯಿಲ್ಲ" ಎಂದು ಬರೆದಿದ್ದರು. ತಿಂಗಳು ಮುಗಿಯುವವರೆಗೆ ಮೂರು ನಿಮಿಷದ ತಾರಸಿ ನಡಿಗೆಯೇ ಸಾಕೆಂದು ಒಪ್ಪಿಕೊಂಡೆವು. ಕಾಫಿಯ ಸಕ್ಕರೆ ಒಂದು ಚಮಚಕ್ಕೆ ಬಂದು ನಿಂತಿದೆ, ಅದಕ್ಕಿಂತ ಇಳಿದಿಲ್ಲ. ಮಗಳ ಜೊತೆಗಿನ ಹದಿನೈದು ನಿಮಿಷದಲ್ಲಿ ಹುಡುಗಿಯೇ ಶಾಲೆಯ ಸುದ್ದಿ ತೆಗೆಯುತ್ತಾಳಂತೆ. ಪರೀಕ್ಷೆ ಹತ್ತಿರವಿದ್ದಾಗ ಮಾತ್ರ ಈ ನಿಯಮ ಎರಡು ಸಲ ಮುರಿದಿದೆ.

"ಯುಗಾದಿಗೆ ಹೊಸ ಪಟ್ಟಿ ಮಾಡ್ಲಾ ಮೇಡಂ?" ಎಂದು ಕೇಳಿದರು. ಬೇಡವೆಂದೆವು. ಮೂರರಲ್ಲಿ ಯಾವುದಾದರೂ ಒಂದು ನೆನಪಿಸಿಕೊಳ್ಳದೆಯೇ ನಡೆಯತೊಡಗಿದ ಮೇಲೆ ಇನ್ನೊಂದನ್ನು ಸೇರಿಸಬಹುದು, ಅದೂ ಒಂದೇ. ರಾತ್ರಿ ತರಕಾರಿ ಹೆಚ್ಚುವ ಕೆಲಸವನ್ನು ಗಂಡನಿಗೆ ವಹಿಸಿ 11ಕ್ಕೆ ಮಲಗುವುದನ್ನು ಆರಿಸಿಕೊಂಡಿದ್ದಾರೆ. ಮುಂದಿನ ಭೇಟಿಗೆ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೇವೆ.