ಕರೆದರೆ ತಿರುಗದ ಮಗ: ಬ್ರಿಸ್ಟಲ್‌ಗೆ ಹೊಸದಾಗಿ ಬಂದ ತಾಯಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಮಗನಿಗೆ ಎರಡೂಮುಕ್ಕಾಲು ವರ್ಷ. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ ಅಂತ ನರ್ಸರಿಯವರು ಹೇಳಿದ್ದಾರೆ. ಮನೆಯಲ್ಲಿ ಮಾತ್ರ ಬಿಸ್ಕತ್ ಪೊಟ್ಟಣ ಬಿಚ್ಚಿದ ಸದ್ದಿಗೇ ಓಡಿ ಬರುತ್ತಾನೆ. "ಅವನಿಗೆ ಎಲ್ಲಾ ಕೇಳುತ್ತೆ, ಸುಮ್ನೆ ಹಟ" ಅಂತ ಊರಿಂದ ನಿಮ್ಮ ಅತ್ತೆ ಹೇಳುತ್ತಾರೆ. ಕಿವಿ ತೋರಿಸಬೇಕಾ, ತೋರಿಸುವುದಾದರೆ ಯಾರ ಹತ್ತಿರ ಅಂತ ಕೇಳಿದ್ದೀರಿ.

ತೋರಿಸಿ. ಹಟವೋ ಕಿವಿಯೋ ಅನ್ನುವುದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಬಿಸ್ಕತ್ ಸದ್ದು ಕೇಳುತ್ತೆ ಅಂದಮಾತ್ರಕ್ಕೆ ಮಾತು ಸರಿಯಾಗಿ ಕೇಳುತ್ತೆ ಅಂತಲ್ಲ.

ಈ ವಯಸ್ಸಿನ ಮಕ್ಕಳಲ್ಲಿ ಜಾಸ್ತಿ ಕಾಣುವುದು ಇಲ್ಲಿಯವರು 'ಗ್ಲೂ ಇಯರ್' ಅನ್ನುವ ತೊಂದರೆ. ಕಿವಿತಮಟೆಯ ಹಿಂದೆ ಗಾಳಿ ಇರಬೇಕಾದ ಜಾಗದಲ್ಲಿ ಅಂಟು ನೀರು ತುಂಬಿಕೊಳ್ಳುತ್ತದೆ. ನೋವು ಇರಲೇಬೇಕು ಅಂತಿಲ್ಲ, ಜ್ವರವೂ ಬರಬೇಕಾಗಿಲ್ಲ. ನೀರಲ್ಲಿ ಮುಳುಗಿದಾಗ ದಡದವರ ಮಾತು ಕೇಳಿದ ಹಾಗೆ ಎಲ್ಲವೂ ಮಂದವಾಗುತ್ತದೆ. ನೆಗಡಿ ಬಂದರೆ ಹೆಚ್ಚುತ್ತದೆ, ನೆಗಡಿ ಹೋದರೆ ಇಳಿಯುತ್ತದೆ. ಹಾಗಾಗಿ ಮಗು ಒಂದು ವಾರ ಕೇಳಿಸಿಕೊಳ್ಳುತ್ತದೆ, ಇನ್ನೊಂದು ವಾರ ಇಲ್ಲ. ಅಡುಗೆಮನೆಯಲ್ಲಿ ಎದುರಿಗೆ ಕೂತು ಮಾತಾಡಿದರೆ ಎಲ್ಲ ಅರ್ಥವಾಗುತ್ತದೆ, ಇಪ್ಪತ್ತು ಮಕ್ಕಳ ಗಲಾಟೆಯಲ್ಲಿ ಹಿಂದಿನಿಂದ ಕರೆದರೆ ಏನೂ ಮುಟ್ಟುವುದಿಲ್ಲ. ನೋಡುವವರಿಗೆ ಇದು ಹಟದ ಹಾಗೇ ಕಾಣುತ್ತದೆ. 'ಬೇಕಾದ್ದು ಮಾತ್ರ ಕೇಳುತ್ತೆ' ಅನ್ನಿಸಿಕೊಳ್ಳುವ ಮಕ್ಕಳ ಬಗ್ಗೆ ನನಗೆ ತುಂಬಾ ಸಂಕಟ ಆಗುತ್ತದೆ. ತಮಗೆ ಕೇಳುತ್ತಿಲ್ಲ ಅನ್ನುವುದೇ ಅವಕ್ಕೆ ಗೊತ್ತಿರುವುದಿಲ್ಲ, ಆದರೂ ಬೈಸಿಕೊಳ್ಳುತ್ತವೆ.

ಕಿವಿ ಸರಿಯಿದ್ದೂ ತಿರುಗದಿರಬಹುದು, ಅದೂ ನಿಜ. ಈ ವಯಸ್ಸಿನ ಮಗು ಆಟದಲ್ಲಿ ಮುಳುಗಿದ್ದರೆ ಕರೆದದ್ದು ತಲೆಗೇ ಹೋಗುವುದಿಲ್ಲ. ನಮ್ಮವರಿಗೆ ಇನ್ನೂ ಎರಡು ಕಾರಣ ಸೇರಿಕೊಳ್ಳುತ್ತವೆ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದವನಿಗೆ ನರ್ಸರಿಯ ಇಂಗ್ಲಿಷ್ ಇನ್ನೂ ಬರೀ ಸದ್ದು. ಹೆಸರನ್ನು ಕರೆಯುವ ರೀತಿಯೂ ಬೇರೆ. ಅಥರ್ವ ಅನ್ನುವ ಹುಡುಗ ಇಲ್ಲಿ 'ಅತಾರ್ವಾ' ಆಗುತ್ತಾನೆ. ನೀವು ಮನೆಯಲ್ಲಿ ಪುಟ್ಟಾ ಅಂತಲೇ ಕರೆಯುವುದಾದರೆ ಅದು ತನ್ನನ್ನೇ ಅಂತ ಅವನಿಗೆ ಗೊತ್ತಾಗುವುದು ಹೇಗೆ ಹೇಳಿ? ನರ್ಸರಿಯವರಿಗೆ ಮನೆಯ ಹೆಸರು ಹೇಳಿ, ನೀವು ಕರೆಯುವ ಹಾಗೇ ಕರೆದು ನೋಡಲು ಕೇಳಿ. ಮನೆಯಲ್ಲಿ ಟಿ.ವಿ. ಆರಿಸಿ, ಅವನ ಬೆನ್ನ ಹಿಂದೆ ನಿಂತು, ಮೆಲ್ಲಗೆ ಕನ್ನಡದಲ್ಲೇ ಕರೆಯಿರಿ. ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಬಾಯಿ ತೆರೆದು ಉಸಿರಾಡುತ್ತಾನಾ, ಗೊರಕೆ ಹೊಡೆಯುತ್ತಾನಾ, ಟಿ.ವಿ. ಜೋರು ಮಾಡು ಅಂತಾನಾ, ನಿಮ್ಮ ಮುಖ ನೋಡಿಯೇ ಮಾತು ಹಿಡಿಯುತ್ತಾನಾ ಅಂತ ಗಮನಿಸಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಡಾಕ್ಟರ ಹತ್ತಿರ ತಡವರಿಸುವುದು ತಪ್ಪುತ್ತದೆ. ಆದರೆ ಮನೆಯಲ್ಲಿ ತಿರುಗಿದ ಅಂತ ಟೆಸ್ಟ್ ಬಿಡಬೇಡಿ.

ಇನ್ನು ಯಾರ ಹತ್ತಿರ ಅನ್ನುವುದು. ಊರಲ್ಲಾದರೆ ನೇರ ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿ ಟೋಕನ್ ತಗೊಂಡು ಕೂರುತ್ತಿದ್ದೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಂತೂ ವಾಕ್ ಶ್ರವಣ ಸಂಸ್ಥೆಯೇ ಇದೆ. ಇಲ್ಲಿ ದಾರಿ ಬೇರೆ. ಮೊದಲು ಜಿ.ಪಿ., ಅಂದರೆ ನಿಮ್ಮ ಬಡಾವಣೆಯ ಡಾಕ್ಟರು. ಇನ್ನೂ ನೋಂದಾಯಿಸಿಲ್ಲದಿದ್ದರೆ ಈ ವಾರವೇ ಮಾಡಿ. ವಿಳಾಸದ ದಾಖಲೆ ಇಲ್ಲ ಅಂತ ಅವರು ನಿರಾಕರಿಸುವಂತಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಹೆಲ್ತ್ ವಿಸಿಟರ್ ಅಂತ ಒಬ್ಬರು ನರ್ಸ್ ಇರುತ್ತಾರೆ, ಅವರ ನಂಬರನ್ನೂ ಅಲ್ಲೇ ಕೇಳಿ. ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ ಅವರು ಪ್ರತಿ ಮಗುವನ್ನೂ ನೋಡಬೇಕು. ನಿಮ್ಮ ಮಗ ಆಗ ಮೈಸೂರಿನಲ್ಲಿದ್ದ, ಆ ಭೇಟಿ ತಪ್ಪಿದೆ ಅಂತ ಹೇಳಿ. ಹುಟ್ಟಿದಾಗ ಕಿವಿ ಪರೀಕ್ಷೆ ಆಗಿತ್ತಾ ಅಂತ ಕೇಳುತ್ತಾರೆ, ರಿಪೋರ್ಟ್ ಇದ್ದರೆ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಆಗ ಪಾಸಾಗಿದ್ದರೂ ಈಗ ತೊಂದರೆ ಬರಬಹುದು.

ದುಡ್ಡಿನ ಅಂಜಿಕೆ ಬೇಡ. ವೀಸಾ ಅರ್ಜಿಯ ಜೊತೆ ಮಗುವಿನ ಹೆಸರಲ್ಲಿ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಲ್ವಾ, ಇದೆಲ್ಲ ಅದರಲ್ಲೇ ಬಂತು. ಫೋನಿನಲ್ಲಿ "ನನಗೆ ಮಗನ ಕಿವಿಯ ಬಗ್ಗೆ ಚಿಂತೆ ಇದೆ, ಆಡಿಯಾಲಜಿಗೆ ರೆಫರ್ ಮಾಡಿ" ಅಂತ ನೇರವಾಗಿ ಹೇಳಿ. ಆಡಿಯಾಲಜಿ ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡುವ ವಿಭಾಗ. ನಾವು ಸಂಕೋಚಕ್ಕೆ "ಏನೋ ಸ್ವಲ್ಪ ಹಾಗೆ ಅನ್ನಿಸುತ್ತೆ" ಅಂತ ಶುರು ಮಾಡುತ್ತೇವೆ. ಇಲ್ಲಿ ಅದನ್ನು 'ಏನೂ ಇಲ್ಲ' ಅಂತಲೇ ತಗೊಳ್ಳುತ್ತಾರೆ.

ಟೆಸ್ಟ್‌ಗೆ ಹೆದರಬೇಡಿ. ನನ್ನ ಮಗಳಿಗೆ ಮಾಡಿಸಿದ್ದು ನೆನಪಿದೆ. ಸದ್ದಿಲ್ಲದ ಪುಟ್ಟ ಕೋಣೆ, ಚಿಕ್ಕ ಮೇಜು, ಮರದ ದೋಣಿ, ಮರದ ಬೊಂಬೆಗಳು. ಸದ್ದು ಕೇಳಿದ ಕೂಡಲೇ ಒಂದು ಬೊಂಬೆಯನ್ನು ದೋಣಿಗೆ ಹಾಕಬೇಕು. ಬೊಂಬೆಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು ಕಾಯುತ್ತಿದ್ದಳು. ನನಗೆ ಸ್ಪಷ್ಟವಾಗಿ ಕೇಳಿದ ಸದ್ದಿಗೆ ಅವಳ ಕೈ ಅಲುಗಲಿಲ್ಲ. ಆಮೇಲೆ ಕಿವಿಗೆ ರಬ್ಬರಿನ ಮೆತ್ತನೆಯ ತುದಿ ಇಟ್ಟು ಕಿವಿತಮಟೆ ಎಷ್ಟು ಅಲುಗುತ್ತದೆ ಅಂತ ನೋಡಿದರು. ಕೆಲವೇ ಸೆಕೆಂಡು. ಗ್ರಾಫಿನಲ್ಲಿ ಗುಡ್ಡದ ಹಾಗೆ ಏರಿ ಇಳಿಯಬೇಕಾದ ಗೆರೆ ಅಡ್ಡಕ್ಕೆ ಮಲಗಿತ್ತು. ನೀರು ತುಂಬಿದೆ ಅಂತ ಗೊತ್ತಾಯಿತು.

ಹಾಗೆ ಬಂದರೂ ತಕ್ಷಣ ಆಪರೇಷನ್ ಅನ್ನುವುದಿಲ್ಲ. ಬಹಳ ಮಕ್ಕಳಿಗೆ ತಾನಾಗಿ ಇಳಿಯುತ್ತದೆ, ಅದಕ್ಕೇ ಮೂರು ತಿಂಗಳು ಕಾದು ಮತ್ತೆ ನೋಡುತ್ತಾರೆ. ಆಂಟಿಬಯೋಟಿಕ್ ಕೊಡಲಿಲ್ಲ ಅಂತ ಬೇಜಾರಾಗಬೇಡಿ, ಈ ನೀರಿಗೆ ಅದು ಕೆಲಸ ಮಾಡುವುದಿಲ್ಲ. ಇಳಿಯದಿದ್ದರೆ ಸ್ವಲ್ಪ ಕಾಲಕ್ಕೆ ಹಿಯರಿಂಗ್ ಏಡ್, ಇಲ್ಲವೇ ಕಿವಿತಮಟೆಯಲ್ಲಿ ಗ್ರಾಮೆಟ್ ಅನ್ನುವ ಪುಟಾಣಿ ಕೊಳವೆ ಕೂರಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆರರಿಂದ ಹನ್ನೆರಡು ತಿಂಗಳಲ್ಲಿ ಆ ಕೊಳವೆ ತಾನೇ ಉದುರುತ್ತದೆ.

ಅಲ್ಲಿಯವರೆಗೆ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬೇಡ, ಹೇರ್‌ಪಿನ್ ಬೇಡ, ಬಡ್ಸ್ ಕೂಡ ಬೇಡ. ನೀರು ಇರುವುದು ಕಿವಿತಮಟೆಯ ಒಳಬದಿಗೆ, ಎಣ್ಣೆ ಅಲ್ಲಿಗೆ ಮುಟ್ಟುವುದೂ ಇಲ್ಲ. ಮಾತಾಡುವಾಗ ಹತ್ತಿರ ಹೋಗಿ, ಭುಜ ಮುಟ್ಟಿ, ಮುಖ ತೋರಿಸಿ ಮಾತಾಡಿ. ನರ್ಸರಿಯಲ್ಲಿ ಟೀಚರ ಹತ್ತಿರ ಕೂರಿಸಲು ಕೇಳಿ. ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಕನ್ನಡ ಬಿಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆಯಿಂದ ಕಿವಿ ಮಂದವಾಗುವುದಿಲ್ಲ, ಮಾತೂ ಕೆಡುವುದಿಲ್ಲ.

ಆದರೆ ಮೊದಲು ಆಡುತ್ತಿದ್ದ ಮಾತನ್ನೇ ಬಿಟ್ಟಿದ್ದರೆ, ಕಿವಿ ಸೋರಿ ವಾಸನೆ ಬರುತ್ತಿದ್ದರೆ, ಇದ್ದಕ್ಕಿದ್ದ ಹಾಗೆ ಕೇಳದಂತಾದರೆ ಸರದಿ ಕಾಯಬೇಡಿ. ಅವತ್ತೇ ಜಿ.ಪಿ.ಗೆ ಫೋನ್ ಮಾಡಿ, ಸಿಗದಿದ್ದರೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ. ಕಿವಿ ಸರಿಯಿದೆ ಅಂತ ಬಂದೂ ಹೆಸರಿಗೆ ತಿರುಗದಿದ್ದರೆ ಹೆಲ್ತ್ ವಿಸಿಟರ್‌ಗೆ ಮತ್ತೆ ಹೇಳಿ, ಮುಂದೇನು ನೋಡಬೇಕು ಅಂತ ಅವರೇ ದಾರಿ ತೋರಿಸುತ್ತಾರೆ. ಬಹಳ ಕಡೆ ಜಿ.ಪಿ. ಫೋನ್ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಎಂಟಕ್ಕೇ ಮಾಡಿ, ಒಂಬತ್ತಾದರೆ ಅವತ್ತಿನ ಅಪಾಯಿಂಟ್‌ಮೆಂಟ್ ಮುಗಿದಿರುತ್ತದೆ.