ಡೇಟಾಬೇಸ್ ನಿರ್ವಹಣಾ ಆ್ಯಪ್‌ಗೆ ಯಾವ ಜಿಯುಐ (ವಿಂಡೋ, ಬಟನ್, ಟೇಬಲ್ ರಚಿಸುವ) ಟೂಲ್‌ಕಿಟ್ ಒಳ್ಳೆಯದು?

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು, ಸಿ++ ಅಥವಾ ಪೈಥಾನ್ ಗೊತ್ತಿದೆ ಎಂದಾದರೆ ಕ್ಯೂಟಿ ವಿಜೆಟ್ಸ್ ಆರಿಸಿಕೊಳ್ಳಿ. ಇಂಥ ಆ್ಯಪ್‌ನ ಜೀವಾಳವೇ ಫಲಿತಾಂಶದ ಟೇಬಲ್. ಟೇಬಲ್ ತೋರಿಸಲು ಕ್ಯೂಟಿಯಲ್ಲಿರುವ ಕ್ಯೂಟೇಬಲ್‌ವ್ಯೂ ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಬಿಡಿಸುತ್ತದೆ, ಹಾಗಾಗಿ ಲಕ್ಷ ಸಾಲಿದ್ದರೂ ಸ್ಕ್ರಾಲ್ ಸಲೀಸು. ಕ್ಯೂಟೇಬಲ್‌ವಿಜೆಟ್ ಮಾತ್ರ ಬೇಡವೇ ಬೇಡ: ಪ್ರತಿ ಸೆಲ್‌ಗೂ ಒಂದೊಂದು ಆಬ್ಜೆಕ್ಟ್ ಸೃಷ್ಟಿಸಿ ಮೆಮೊರಿ ನುಂಗುತ್ತದೆ.

ಎಲ್ಲರೂ ಎಡವುವುದು ಸಿದ್ಧ ಮಾಡೆಲ್‌ನಲ್ಲಿ, ಅಂದರೆ ಟೇಬಲ್‌ಗೆ ಡೇಟಾ ಒದಗಿಸುವ ಭಾಗದಲ್ಲಿ. ಕ್ಯೂಎಸ್‌ಕ್ಯೂಎಲ್‌ಕ್ವೆರಿಮಾಡೆಲ್ ಬಳಸಿದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್ ಇಡೀ ಫಲಿತಾಂಶವನ್ನು ಮೊದಲೇ ಮೆಮೊರಿಗೆ ಎಳೆದುಕೊಳ್ಳುತ್ತದೆ. ಕ್ಯೂಆ್ಯಬ್‌ಸ್ಟ್ರಾಕ್ಟ್‌ಟೇಬಲ್‌ಮಾಡೆಲ್‌ನಿಂದ ನಿಮ್ಮದೇ ಮಾಡೆಲ್ ಬರೆಯಿರಿ; ಕ್ಯಾನ್‌ಫೆಚ್‌ಮೋರ್, ಫೆಚ್‌ಮೋರ್ ಎಂಬ ಫಂಕ್ಷನ್‌ಗಳ ಮೂಲಕ ಸಲಕ್ಕೆ 500 ಸಾಲು ತರಿಸಿ. ನಲ್ (ಮೌಲ್ಯವೇ ಇಲ್ಲದ್ದು) ಮತ್ತು ಖಾಲಿ ಸ್ಟ್ರಿಂಗ್ ಬೇರೆ ಬೇರೆಯಾಗಿ ಕಾಣಬೇಕು, ಇಲ್ಲವಾದರೆ ಬಳಕೆದಾರರು ತಪ್ಪು ಡೇಟಾ ಉಳಿಸಿಬಿಡುತ್ತಾರೆ.

ಕ್ವೆರಿಯನ್ನು ವಿಂಡೋ ನಡೆಸುವ ಮುಖ್ಯ ಥ್ರೆಡ್‌ನಲ್ಲಿ ಓಡಿಸಿದರೆ ವಿಂಡೋ ಸ್ತಬ್ಧವಾಗುತ್ತದೆ. ಬೇರೆ ಥ್ರೆಡ್‌ಗೆ ಕಳಿಸಿ, ಆದರೆ ಕನೆಕ್ಷನ್ ಅನ್ನು ಆ ಥ್ರೆಡ್‌ನೊಳಗೇ ತೆರೆಯಿರಿ. ಒಂದು ಥ್ರೆಡ್‌ನಲ್ಲಿ ತೆರೆದ ಕನೆಕ್ಷನ್ ಅನ್ನು ಹಾಗೆಯೇ ಇನ್ನೊಂದರಲ್ಲಿ ಬಳಸುವಂತಿಲ್ಲ.

ಪೈಥಾನ್ ಆದರೆ ಕ್ಯೂಟಿ ಬಳಸಲು ಬೇಕಾದ ಲೈಬ್ರರಿಯ ಲೈಸೆನ್ಸ್ ನೋಡಿ: ಪೈಸೈಡ್6 ಎಲ್‌ಜಿಪಿಎಲ್ ಎಂಬ ಸಡಿಲ ಮುಕ್ತ ಲೈಸೆನ್ಸ್‌ನಲ್ಲಿ ಸಿಗುತ್ತದೆ; ಪೈಕ್ಯೂಟಿ6 ಜಿಪಿಎಲ್, ಮೂಲ ಕೋಡ್ ಮುಚ್ಚಿಡಬೇಕಿದ್ದರೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು. ಮೈಎಸ್‌ಕ್ಯೂಎಲ್ ಬೇಕಿದ್ದರೆ ಅದರ ಕ್ಲೈಂಟ್ ಲೈಬ್ರರಿಯನ್ನೂ ಆ್ಯಪ್ ಜೊತೆ ಪ್ಯಾಕ್ ಮಾಡಿ, ಇಲ್ಲದಿದ್ದರೆ ‘ಡ್ರೈವರ್ ನಾಟ್ ಲೋಡೆಡ್’ ಎಂಬ ದೋಷ ಬರುತ್ತದೆ.

ಜಾವಾ ತಂಡವಾದರೆ ಎಸ್‌ಡಬ್ಲ್ಯೂಟಿ ಎಂಬ ಜಾವಾ ಟೂಲ್‌ಕಿಟ್ ಸಾಕು. ಡಿಬೀವರ್ ಎಂಬ ಡೇಟಾಬೇಸ್ ಆ್ಯಪ್ ನಿಂತಿರುವುದೇ ಅದರ ಮೇಲೆ.